ಅತ್ತಿಮರದ ಪಕ್ಕದ ಗಿಡ

ಉದುರಿದ ಕಾಫಿ ಹಣ್ಣು ಹೆಕ್ಕುವವರಿಗೆ ಆಕಾಶವಿಲ್ಲ. ಗಿಡದ ಬುಡ, ಕೊಳೆತ ಎಲೆ, ಇರುವೆ ಮತ್ತು ತಮ್ಮದೇ ಮೊಣಕಾಲು, ಇಷ್ಟೇ. ಭಾಗಮ್ಮನಿಗೆ ಆ ಬೆಳಿಗ್ಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದಿದ್ದು ಎಲೆಗಳ ಮೇಲೆ. ಎಲೆ ಎತ್ತಿದರೆ ಕೆಳಗೆ ಏನೂ ಇರುತ್ತಿರಲಿಲ್ಲ. ಇಲ್ಲವೆಂದು ಮುಂದೆ ಸರಿದರೆ ಹಿಂದಿನಿಂದ ತೆವಳಿಕೊಂಡು ಬರುತ್ತಿದ್ದ ಮುದುಕಿ ಜವರಮ್ಮ ಅದೇ ಎಲೆಯಡಿಯಿಂದ ಒಂದು ಹಿಡಿ ಹಣ್ಣು ತೆಗೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಒಂದು ಕಣ್ಣಿಗೆ ಪೊರೆ ಬಂದಿದೆ, ಇನ್ನೊಂದಕ್ಕೂ ಬರುತ್ತಿದೆ. "ನಿಧಾನ ಮಾಡು ತಾಯಿ, ನೆಲ ಎಲ್ಲಿಗೂ ಓಡಿ ಹೋಗಲ್ಲ" ಎಂದು ಜವರಮ್ಮ ಸಮಾಧಾನ ಹೇಳಿದಳು. ಭಾಗಮ್ಮನಿಗೆ ಅದೂ ಉರಿಯಿತು. ಬಾಳೂರಿನ ಮೇಲಿನ ಈ ತೋಟದಲ್ಲಿ ಮದುವೆಯಾಗಿ ಬಂದ ಹೊಸದರಿಂದ ಹಣ್ಣು ಕುಯ್ದವಳು ಅವಳು. ಅತ್ತೆ ಸತ್ತ ಮೇಲೆ ಸಾಲಿನ ತಲೆಯಲ್ಲಿ ನಿಂತವಳು. ಮೊದಲ ಗಿಡದ ಮೊದಲ ಹಣ್ಣು ಅವಳ ಬುಟ್ಟಿಗೆ ಬೀಳದೆ ಉಳಿದ ಹೆಂಗಸರು ಗಿಡ ಮುಟ್ಟುತ್ತಿರಲಿಲ್ಲ. ಅವಳ ಕೈ ಎಷ್ಟು ಚುರುಕೋ ಇಡೀ ಗುಡ್ಡದ ಕೈ ಅಷ್ಟೇ ಚುರುಕು. ಅಂಥವಳು ಈಗ ಮುದುಕಿಯರ ಜೊತೆ ನೆಲ ಕೆರೆಯುತ್ತಿದ್ದಾಳೆ. ಕೆರೆಯಲಿ, ಮಾಡಿದ್ದು ಉಣ್ಣಬೇಕಲ್ಲ, ಎಂದುಕೊಂಡಳು. ಅಂದುಕೊಂಡ ಕೂಡಲೇ ಅದು ಮತ್ತೆ ಕಣ್ಣ ಮುಂದೆ ಬಂತು: ಅತ್ತಿಮರದ ಪಕ್ಕದ ಗಿಡ, ಮರದ ಸಂದಿನಿಂದ ಬಿದ್ದ ಒಂದು ಪಟ್ಟಿ ಬಿಸಿಲು, ಬಾಗಿದ ರೆಂಬೆ, ರೆಂಬೆಯ ಬುಡದಿಂದ ತುದಿಯವರೆಗೆ ಸರ್ರನೆ ಸವರಿಕೊಂಡು ಹೋದ ಅವಳ ಬಲಗೈ, ಹಣ್ಣಿನ ಜೊತೆ ಹಸಿರು ಕಾಯಿಯೂ ಉರುಳಿ ಬುಟ್ಟಿಗೆ ಬಿದ್ದದ್ದು. ಗಾಜಿನ ಬಳೆ ಮೊಣಕೈ ಕಡೆಗೆ ಜಾರಿದ್ದೂ ಕಾಣುತ್ತಿತ್ತು. ಥೂ, ಎಂದು ತನ್ನ ಕೈಗೆ ತಾನೇ ಬೈದುಕೊಂಡು ಇನ್ನೊಂದು ಎಲೆ ಎತ್ತಿದಳು.

ಅಷ್ಟರಲ್ಲಿ ಮೇಲಿನ ದಾರಿಯಿಂದ ಅಂಜನಮ್ಮ ಸೀರೆ ಎತ್ತಿ ಕಟ್ಟಿಕೊಂಡು ಧಡಧಡ ಇಳಿದು ಬಂದಳು. ಅವಳು ಭಾಗಮ್ಮನ ಓರಗಿತ್ತಿ, ಮೈದುನನ ಹೆಂಡತಿ. ಕೂಲಿಯವರ ಲೈನ್ ಮನೆಯಲ್ಲಿ ಇಬ್ಬರದೂ ಒಂದೇ ಗೋಡೆ, ಸಾಲಿನಲ್ಲಿ ಭಾಗಮ್ಮನ ಪಕ್ಕದ ಗಿಡ ಅವಳದು.

"ಅಕ್ಕಾ, ಏಳು, ಏಳು. ನೀನಲ್ವಂತೆ!"

"ಏನು ನಾನಲ್ಲ?"

"ಹಸಿರುಕಾಯಿ ಕಿತ್ತಿದ್ದು ಕಣಕ್ಕಾ! ನಿನ್ನೆ ಮತ್ತೆ ಪಲ್ಪರ್ ಮನೇಲಿ ಬುಟ್ಟಿಗಟ್ಲೆ ಸಿಕ್ಕಿದೆ. ನೀನು ಇಲ್ಲಿ ನೆಲ ಕೆರೀತಾ ಕೂತಿದ್ದೆ, ಅಲ್ಲಿಗೆ ಹ್ಯಾಗೆ ಬಂತು ಹೇಳು. ಹೊಸಾ ಗ್ಯಾಂಗಿನೋರದ್ದು ಎಲ್ಲಾ. ಪಾಪ, ಕಾಫಿ ಗಿಡಾನೇ ನೋಡ್ದೋರಲ್ಲ ಅವ್ರು. ಬೇಗ ಬೇಗ ಅಂದ್ರೆ ಕೈಗೆ ಸಿಕ್ಕಿದ್ದನ್ನೆಲ್ಲ ಸವರಿ ಹಾಕ್ತಾರೆ. ಮೇಸ್ತ್ರಿ ಅವ್ರ ಬುಟ್ಟೀನೇ ಬಗ್ಗಿಸಿ ನೋಡಿದ್ರು."

"ಮತ್ತೆ ಅವತ್ತು ನನ್ನ ರಾಶೀಲಿ ಇತ್ತಲ್ಲ."

"ನಿನ್ನ ರಾಶೀನೂ ಅಲ್ಲ, ಎಂಥದ್ದೂ ಅಲ್ಲ. ಅವತ್ತು ಮೋಡ ಹಾಕ್ತು ಅಂತ ನಾವೇ ಅಲ್ವಾ ಹಣ್ಣು ಸುರಿದಿದ್ದ ಗೋಣಿತಾಟು ಎಳೆದು ಸೂರಿನ ಕೆಳಗೆ ತಿರುಗಿಸಿ ಹಾಕಿದ್ದು? ತಲೆ ಇದ್ದ ಕಡೆ ಬಾಲ ಬಂತು. ಬಾಲದ ಕಡೆ ಅವ್ರು ಸುರಿದದ್ದು ನಿನ್ನ ಜಾಗಕ್ಕೆ ಬಂತು. ನಾನು ಆವತ್ತೇ ಅಂದ್ಕೊಂಡಿದ್ದೆ, ಇದು ನಮ್ಮಕ್ಕನ ಕೈ ಅಲ್ಲ ಅಂತ. ಬಾ ಬಾ, ಮೇಸ್ತ್ರಿ ಕರೀತಿದ್ದಾರೆ. ನೀನು ಬರೋವರೆಗೆ ಸಾಲು ನಿಂತಿದೆ."

ಜವರಮ್ಮ ಕೈ ಜೋಡಿಸಿ ದೇವರು ದೊಡ್ಡವನು ಅಂದಳು. ಭಾಗಮ್ಮ ಎದ್ದಳು. ಮೊಣಕಾಲು ಹಿಡಿದುಕೊಂಡಿತ್ತು, ಮಣ್ಣು ಕೊಡವಿಕೊಂಡಳು. ಸಂತೋಷವಾಗಬೇಕಿತ್ತು. ಆಗಲಿಲ್ಲ. ಎದೆಯೊಳಗೆ ಏನೋ ಬಿಸಿಯಾಗುತ್ತಿತ್ತು, ಅದು ಸಂತೋಷವಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆವತ್ತೇ ಅಂದುಕೊಂಡಿದ್ದಳಂತೆ. ಆವತ್ತು ಇವಳ ಬಾಯಿಂದ ಬಂದ ಮಾತು ಬೇರೆಯೇ ಇತ್ತಲ್ಲ.

ದಾರಿ ಕಡಿದಾಗಿತ್ತು. ಅಂಜನಮ್ಮ ಮುಂದೆ ಹೋಗುತ್ತಾ ಹಿಂದಕ್ಕೆ ಮಾತಾಡುತ್ತಿದ್ದಳು. ಭಾಗಮ್ಮನಿಗೆ ಕೇಳಿಸಿದ್ದು ಅರ್ಧ. ಹಣ್ಣು ಕುಯ್ಯುವಾಗ ಯಾರಿಗಾದರೂ ತಾನು ಹಣ್ಣು ಕುಯ್ಯುತ್ತಿದ್ದೇನೆ ಅನ್ನುವ ಎಚ್ಚರ ಇರುತ್ತದೆಯೇ? ಅವಳಿಗಂತೂ ಇರುತ್ತಿರಲಿಲ್ಲ. ಕೈ ಗಿಡದಲ್ಲಿ, ಮನಸ್ಸು ಆಲ್ದೂರಿನಲ್ಲಿ. ಆಲ್ದೂರಿಗೆ ಮಗಳನ್ನು ಕೊಟ್ಟಿದ್ದಾಳೆ. ಹೋದ ವರ್ಷ ಬೀಗಿತ್ತಿಯ ಮನೆಗೆ ಹೋದಾಗ ಆ ಹೆಂಗಸು ನೆಂಟರಿಷ್ಟರೆಲ್ಲ ಕೂತಿರುವಾಗ, ಪಾತ್ರೆ ತೊಳೆಯುತ್ತಿದ್ದ ಮಗಳನ್ನು ತೋರಿಸಿ, "ನಿಮ್ಮ ಲೈನ್ ಮನೇಲಿ ಮುಸುರೆ ತೊಳೆಯೋದು ಹೀಗೇನಾ?" ಎಂದಳು. ಭಾಗಮ್ಮ ಸುಮ್ಮನೆ ನಕ್ಕಳು. ನಕ್ಕದ್ದೇ ತಪ್ಪಾಯಿತು. ಅಲ್ಲಿಂದ ಈಚೆಗೆ ದಿನಾ ಬೆಳಿಗ್ಗೆ ಗಿಡದ ಮುಂದೆ ನಿಂತು ಅವಳು ಬೀಗಿತ್ತಿಗೆ ಉತ್ತರ ಕೊಡುತ್ತಿದ್ದಳು. ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ. ಬೀಗಿತ್ತಿಯ ಬಾಯಿ ಕಟ್ಟಿಹೋಗುತ್ತಿತ್ತು, ನೆಂಟರು ತಲೆ ತಗ್ಗಿಸುತ್ತಿದ್ದರು, ಮಗಳು ಒಳಗಿನಿಂದ ಕೇಳಿಸಿಕೊಂಡು ನಗುತ್ತಿದ್ದಳು. ಅಷ್ಟು ಹೊತ್ತಿಗೆ ಬುಟ್ಟಿ ತುಂಬಿರುತ್ತಿತ್ತು. ಯಾರು ತುಂಬಿದರೋ, ಕೈ ತುಂಬಿತು. ಆ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಕಣ್ಣೂ ಬೇಕಾಗಿರಲಿಲ್ಲ. ಕೆಂಪು ಹಣ್ಣು ಬೆರಳು ಸೋಕಿದರೆ ಸಾಕು, ಬಂದುಬಿಡುತ್ತದೆ. ದುಡಿಮೆಯಲ್ಲಿ ಭಾಗಮ್ಮನಿಗೆ ಇದ್ದ ಸುಖ ಅದೊಂದೇ: ಮೈ ತೋಟದವರದು, ತಲೆ ಅವಳದು. ಅಲ್ಲಿ ಅವಳು ಯಾವ ಜಗಳವನ್ನೂ ಸೋತಿರಲಿಲ್ಲ.

ಅದನ್ನೇ ಅವರು ಹಿಡಿದುಕೊಂಡರು. ಮೊನ್ನೆ ಸಂಜೆ ತೋಟದ ದೊರೆ, ಕೆಂಪು ಹಣ್ಣಿನ ಸಿಪ್ಪೆ ಮಾತ್ರ ಸುಲಿಯಬೇಕಾದ ಪಲ್ಪರ್ ಮನೆಯಿಂದ ಒಂದು ಹಿಡಿ ಹಸಿರು ಕಾಯಿ ತಂದು, ಲೆಕ್ಕ ಬರೆಯುವ ರೈಟರ್ ಷಡಕ್ಷರಪ್ಪನವರ ಮೇಜಿನ ಮೇಲೆ ಸುರಿದು ಏನೂ ಹೇಳದೆ ಕುದುರೆ ಹತ್ತಿ ಹೋಗಿದ್ದನಂತೆ. ಬೈದಿದ್ದರೆ ಬೈಗುಳ ಷಡಕ್ಷರಪ್ಪನವರ ಮೇಲೇ ನಿಲ್ಲುತ್ತಿತ್ತು. ಬೈಯದೆ ಹೋದ್ದರಿಂದ ಅದು ಕೆಳಗೆ ಇಳಿಯಿತು. ರೈಟರ್ ಮೇಸ್ತ್ರಿ ಗಿಡ್ಡಪ್ಪನನ್ನು ನೋಡಿದರು, ಗಿಡ್ಡಪ್ಪ ಗೋಣಿತಾಟಿನ ರಾಶಿಯನ್ನು ನೋಡಿದ. ಕೊಟ್ಟಿಗೆಹಾರದಿಂದ ಕೆಳಗೆ ಮಂಗಳೂರಿಗೆ ಹೋಗುವ, ಒಣಗಿದ ಕಾಫಿ ಬೀಜದ ಪಾರ್ಚ್‌ಮೆಂಟ್ ಗಾಡಿಗಳು ಬಂದು ನಿಂತಿದ್ದವು; ಬೇಗ ಮುಗಿಸಿ, ಬೇಗ ಮುಗಿಸಿ ಎಂದು ಹಗಲೆಲ್ಲ ಕೂಗಿದವನು ಅವನೇ. ಅದು ಆಗ ಯಾರ ನೆನಪಿಗೂ ಬರಲಿಲ್ಲ. "ರಾಶಿಯ ತಲೆ ಕಡೆ ಇದೆ ಹಸಿರು. ತಲೆ ಕಡೆ ಸುರಿಯೋಳು ಭಾಗಮ್ಮ" ಅಂದ. ಅಷ್ಟು ಸಾಕಾಯಿತು. ಯಾರೋ ಒಬ್ಬಳು, ಭಾಗಮ್ಮ ಬೆಳಿಗ್ಗೆಯಿಂದ ತನ್ನಷ್ಟಕ್ಕೆ ಏನೋ ಗೊಣಗುತ್ತಿದ್ದಳು, ಮನಸ್ಸು ಇಲ್ಲಿರಲಿಲ್ಲ ಅಂದಳು. ಇನ್ನೊಬ್ಬಳಿಗೆ ಈಚೀಚೆಗೆ ಅವಳ ಕೈ ಒರಟಾಗಿದೆ ಅನ್ನಿಸಿತ್ತಂತೆ. ಮೊದಲು ಮಾತಾಡಿದವಳು ಇರಬಹುದು ಅಂದಳು, ಎರಡನೆಯವಳು ಇರಬೇಕು ಅಂದಳು. ಅಂಜನಮ್ಮನ ಸರದಿ ಬರುವ ಹೊತ್ತಿಗೆ ಇರಬಹುದೂ ಇರಬೇಕೂ ಎಲ್ಲ ಹೋಗಿ, "ಅತ್ತಿಮರದ ಪಕ್ಕದ ಗಿಡದ ಹತ್ರ ನಿನ್ನ ಕೈ ಸರ್ರಂತ ಸವರಿದ್ದು ನಾನು ನೋಡ್ದೆ ಅಕ್ಕ" ಎಂದು ಬಂತು. ಅವಳ ಕಣ್ಣಲ್ಲಿ ನೀರಿತ್ತು. ಅತ್ತಿಮರವನ್ನು ಮೊದಲು ಹೇಳಿದವಳು ಅವಳು. ಅದಕ್ಕೆ ಮುಂಚೆ ಭಾಗಮ್ಮನಿಗೆ ಯಾವ ಗಿಡವೂ ಕಂಡಿರಲಿಲ್ಲ.

"ನಾನು ಸವರಿಲ್ಲ" ಎಂದು ಭಾಗಮ್ಮ ಗಟ್ಟಿಯಾಗಿಯೇ ಹೇಳಿದ್ದಳು.

ಷಡಕ್ಷರಪ್ಪನವರು ಒಳ್ಳೆಯವರು. ದನಿ ಎತ್ತುವವರಲ್ಲ. "ಸವರಿಲ್ಲ ಅಂತ ಹ್ಯಾಗೆ ಹೇಳ್ತೀಯಮ್ಮ? ಬೆಳಿಗ್ಗೆ ಆ ಗಿಡದಲ್ಲಿ ಏನು ಮಾಡ್ದೆ, ನೆನಪಿದೆಯಾ?"

"ಇಲ್ಲ ಸ್ವಾಮಿ."

"ಮತ್ತೆ?"

ನೆನಪಿಲ್ಲ, ನಿಜ. ಆ ಗಿಡ ಮಾತ್ರವಲ್ಲ, ಅದರ ಹಿಂದಿನದು, ಮುಂದಿನದು, ಹೋದ ವರ್ಷದ್ದು, ಯಾವುದೂ ನೆನಪಿಲ್ಲ. ನಿಮಗೆ ಇವತ್ತು ಬೆಳಿಗ್ಗೆ ಅಂಗಿಯ ಯಾವ ಗುಂಡಿ ಮೊದಲು ಹಾಕಿದಿರಿ ಅಂತ ನೆನಪಿದೆಯೇ ಎಂದು ಅವರನ್ನು ಕೇಳಬಹುದಿತ್ತು. ಆ ಮಾತು ಹೊಳೆದದ್ದು ಈಗ, ಈ ದಾರಿ ಹತ್ತುವಾಗ. ಆಗ ಅವಳು ನೆಲ ನೋಡುತ್ತಾ ನಿಂತಳು, ಬೀಗಿತ್ತಿಯ ಮನೆಯಲ್ಲಿ ನಿಂತ ಹಾಗೆಯೇ. "ನಿಧಾನವಾಗಿ ನೆನಪು ಮಾಡ್ಕೋ. ಅವಸರ ಇಲ್ಲ. ನಾಳೆ ಹೇಳಿದ್ರೂ ಸಾಕು" ಎಂದು ಷಡಕ್ಷರಪ್ಪನವರು ಮೆತ್ತಗೆ ಹೇಳಿ ಕಳಿಸಿದ್ದರು. ಗದರಿಸಿದ್ದರೆ ಅವಳು ಸೆಟೆದು ನಿಲ್ಲುತ್ತಿದ್ದಳು. ಆ ಮೆತ್ತನೆಯ ಮಾತೇ ಅವಳನ್ನು ಹಾಳುಮಾಡಿತು.

ಮನೆಗೆ ಬಂದು ಒಲೆ ಹಚ್ಚುವಾಗಲೂ ನೆನಪು ಮಾಡಿಕೊಳ್ಳುತ್ತಲೇ ಇದ್ದಳು. ಅತ್ತಿಮರ ಹೇಗಿದೆ? ಬುಡದಲ್ಲಿ ಎರಡು ಕವಲು. ಪಕ್ಕದ ಗಿಡ? ತಗ್ಗು ಗಿಡ, ಒಂದು ರೆಂಬೆ ದಾರಿಗೆ ಬಾಗಿದೆ. ಇಷ್ಟು ನೆನಪಿದೆಯಲ್ಲ, ಹಾಗಾದರೆ ಉಳಿದದ್ದೂ ಇರಬೇಕು. ಬಿಸಿಲು ಇತ್ತೇ? ಇದ್ದಿರಬೇಕು. ಕೈ? ಗಂಡ ಮಾರಯ್ಯ ಗಂಜಿಯ ತಟ್ಟೆ ಮುಂದಿಟ್ಟುಕೊಂಡು, "ಅಷ್ಟು ಜನ ಸುಳ್ಳು ಹೇಳ್ತಾರಾ? ಅಂಜನಿ ಯಾಕೆ ಸುಳ್ಳು ಹೇಳ್ತಾಳೆ? ಅವಳು ನಿನ್ನ ಶತ್ರುವಾ? ಒಂದು ಮಾತು ಅಂದು ಮುಗಿಸು ಮಾರಾಯ್ತಿ" ಎಂದ. ಉಪ್ಪಿನಕಾಯಿ ನೆಕ್ಕಿದ. ಅವನಿಗೆ ಅಷ್ಟೇ. ನೀನು ಸವರಿದೆಯಾ ಎಂದು ಅವನೂ ಕೇಳಲಿಲ್ಲ. ಕೇಳಿದ್ದರೆ ಅವಳು ಆಗಲಾದರೂ ಇಲ್ಲ ಅನ್ನುತ್ತಿದ್ದಳೋ ಏನೋ. ಪಾತ್ರೆ ತೊಳೆಯುವಾಗ ಮೊದಲ ಸಲ ಅದು ಕಂಡಿತು: ರೆಂಬೆಯ ಮೇಲೆ ಹೋಗುವ ಕೈ. ಮಸುಕಾಗಿತ್ತು. ಬೇರೆಯವರ ಕೈ ಇರಬಹುದು ಅನ್ನಿಸಿತು. ಮತ್ತೊಮ್ಮೆ ನೋಡಿದಾಗ ಬಳೆ ಕಂಡಿತು, ತನ್ನದೇ ಬಳೆ. ಮೂರನೆಯ ಸಲ ಅದಾಗಿಯೇ ಬಂತು, ಕರೆಯದೆಯೇ. ಬೆಳಗಾಗುವ ಹೊತ್ತಿಗೆ ಅವಳಿಗೆ ಯಾವ ಅನುಮಾನವೂ ಉಳಿದಿರಲಿಲ್ಲ. ನಾಚಿಕೆ ಮಾತ್ರ ಉಳಿದಿತ್ತು.

ತಪ್ಪು ಒಪ್ಪಿಕೊಳ್ಳುವುದಕ್ಕೆ ಈ ತೋಟದಲ್ಲಿ ಒಂದು ಕ್ರಮವಿದೆ. ಬೆಳಿಗ್ಗೆ ಹಾಜರಿ ಕರೆಯುವ ಮಸ್ಟರಿನ ಹೊತ್ತಿಗೆ ಎಲ್ಲರ ಎದುರು ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕೈಯಿಟ್ಟು, ಕೈ ತಪ್ಪಿತು ಅನ್ನಬೇಕು. ಆಮೇಲೆ ಮೇಸ್ತ್ರಿ ಹೇಳುವವರೆಗೆ ಹೆಕ್ಕುವವರ ಜೊತೆ ಹೋಗಬೇಕು. ಭಾಗಮ್ಮ ಅದನ್ನು ಮಾಡಿದಳು. ಯಾರೂ ಅವಳ ಕೈ ಹಿಡಿದು ಮಾಡಿಸಲಿಲ್ಲ. ಅಂದ ಕೂಡಲೇ ಸಾಲಿಗೆ ಸಾಲೇ ಉಸಿರು ಬಿಟ್ಟಿತು. ಎಲ್ಲರ ಮುಖವೂ ಸಡಿಲವಾಯಿತು. ಗಿಡ್ಡಪ್ಪ, ದೊಡ್ಡ ಮನಸ್ಸು ಮಾರಾಯ್ತಿ ನಿಂದು ಎಂದ. ಮುಂಚಿನ ದಿನ ಗೊಣಗಾಟದ ವಿಷಯ ಹೇಳಿದವಳು ಎಲೆ ಅಡಿಕೆ ಕೊಟ್ಟಳು. ಅಂಜನಮ್ಮ ತಬ್ಬಿಕೊಂಡು ಅತ್ತಳು. ಅಷ್ಟೊಂದು ಪ್ರೀತಿ ಭಾಗಮ್ಮನಿಗೆ ಈ ತೋಟದಲ್ಲಿ ಯಾವತ್ತೂ ಸಿಕ್ಕಿರಲಿಲ್ಲ. ತಪ್ಪಿತಸ್ಥೆಯಾದ ಮೇಲೆ ಸಿಕ್ಕಿತು. ಅವಳೂ ಅತ್ತಳು, ಹಗುರಾಯಿತು ಅಂತಲೂ ಅನ್ನಿಸಿತು. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಮೇಲಿನ ಸಾಲಿನ ತಲೆಯ ಹತ್ತಿರ ಎಲ್ಲರೂ ನಿಂತಿದ್ದರು. ಹೊಸ ಗ್ಯಾಂಗಿನವರು ಇರಲಿಲ್ಲ, ಅವರನ್ನು ಕಳೆ ಕೀಳಲು ಕಳಿಸಿದ್ದರು. ಅವರಿಗೆ ಯಾರಾದರೂ ಹಣ್ಣು ಯಾವುದು ಕಾಯಿ ಯಾವುದು ಎಂದು ತೋರಿಸಿದ್ದರೋ ಇಲ್ಲವೋ. ಷಡಕ್ಷರಪ್ಪನವರು ಕೊಡೆಯನ್ನು ಊರುಗೋಲಿನಂತೆ ಹಿಡಿದು ಸ್ವಲ್ಪ ದೂರದಲ್ಲಿ ನಿಂತಿದ್ದರು. ಗಿಡ್ಡಪ್ಪ ನಗುನಗುತ್ತಾ ಬಂದು ಅವಳ ಬುಟ್ಟಿಯನ್ನು ಎತ್ತಿ, ನೆಟ್ಟಗೆ ಮಾಡಿ ಕೈಗೆ ಕೊಟ್ಟ.

"ತಗೋ, ನಿನ್ನ ಜಾಗಕ್ಕೆ ಹೋಗು. ನಮ್ಗೆಲ್ಲ ಗೊತ್ತಿತ್ತು ಬಿಡು, ಅದು ನಿನ್ನ ಕೈ ಅಲ್ಲ ಅಂತ."

"ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಇಷ್ಟು ವರ್ಷದಿಂದ ನೋಡಿಲ್ವಾ ನಾವು?"

"ಗೊತ್ತಿದ್ರೆ ಮತ್ಯಾಕೆ ಮೇಸ್ತ್ರಿ ನನ್ನತ್ರ ಬುಟ್ಟಿ ಬೋರಲು ಹಾಕಿಸಿದ್ರಿ?"

ಗಿಡ್ಡಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಾನೆಲ್ಲಿ ಹಾಕಿಸ್ದೆ? ನೀನೇ ಬಂದು ಹಾಕಿದ್ದಲ್ವಾ ಮಾರಾಯ್ತಿ! ನಾವು ಬೇಡ ಬೇಡ ಅಂತಿದ್ವಿ." ಸುತ್ತ ನೋಡಿದ. ಹೌದು ಹೌದು ಎಂದು ಒಂದಿಬ್ಬರು ತಲೆಯಾಡಿಸಿದರು. ಎಲೆ ಅಡಿಕೆ ಕೊಟ್ಟಿದ್ದವಳು, "ನಾನಂತೂ ಅವತ್ತು ಊಟಾನೇ ಮಾಡ್ಲಿಲ್ಲ, ಇವ್ಳಿಗೆ ಯಾಕೆ ಈ ಬುದ್ಧಿ ಬಂತು ಅಂತ" ಅಂದಳು. ಬೇಡ ಬೇಡ ಅಂದರಂತೆ! ಒಬ್ಬರಾದರೂ ಅಂದದ್ದು ಭಾಗಮ್ಮನ ಕಿವಿಗೆ ಬಿದ್ದಿರಲಿಲ್ಲ. ಆದರೆ ಅವರ ಮುಖಗಳಲ್ಲಿ ಕಪಟವಿರಲಿಲ್ಲ. ಹಬ್ಬದ ದಿನದ ಮುಖಗಳು ಅವು.

ಷಡಕ್ಷರಪ್ಪನವರು ಎರಡು ಹೆಜ್ಜೆ ಹತ್ತಿರ ಬಂದರು. "ನನಗೂ ಅದೇ ಸೋಜಿಗ. ಮಾಡ್ದೇ ಇದ್ದದ್ದನ್ನ ಯಾಕಮ್ಮ ಒಪ್ಕೊಂಡೆ?"

"ನೀವು ನೆನಪು ಮಾಡ್ಕೋ ಅಂದ್ರಿ ಸ್ವಾಮಿ. ಮಾಡ್ಕೊಂಡೆ."

"ಆಗದೇ ಇದ್ದದ್ದನ್ನ ನೆನಪು ಮಾಡ್ಕೋ ಅಂದ್ನಾ ನಾನು?"

ಅವರು ತಮಾಷೆಗೇ ಅಂದದ್ದು. ಎಲ್ಲರೂ ನಕ್ಕರು. ಒಳ್ಳೆಯ ನಗು, ಬೇಸರ ಕಳೆಯುವ ನಗು. ಅವಳೂ ಸೇರಿಕೊಳ್ಳಲಿ ಎಂದು ಅರ್ಧಕ್ಕೆ ನಿಲ್ಲಿಸಿ ಕಾದರು. ಆಲ್ದೂರಿನಲ್ಲಿ ನಕ್ಕಂತೆ ಅವಳು ಇಲ್ಲಿ ನಗಲಿಲ್ಲ. ಅಂಜನಮ್ಮನ ಕಡೆ ತಿರುಗಿದಳು. ಉಳಿದವರೆಲ್ಲ ಹಾಳಾಗಲಿ, ಇವಳೊಬ್ಬಳು ಹೌದು ಅಂದರೆ ಸಾಕಿತ್ತು. ನಾನು ಹಾಗಂದೆ ಅಕ್ಕ, ತಪ್ಪಾಯ್ತು ಅಂದಿದ್ದರೆ, ಎರಡು ಬೈದು ಬುಟ್ಟಿ ಎತ್ತಿಕೊಂಡು ಗಿಡಕ್ಕೆ ಕೈ ಹಾಕುತ್ತಿದ್ದಳು.

"ಅಂಜನಿ, ನೀನು ನೋಡ್ದೆ ಅಂದಿದ್ದೆ. ಅತ್ತಿಮರದ ಹತ್ರ. ನನ್ನ ಕೈ ಸರ್ರಂತ ಹೋಯ್ತು ಅಂದಿದ್ದೆ."

"ನಾನಾ?" ಅಂಜನಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು. "ಏನಕ್ಕ ಹಿಂಗಂತೀಯ? ಅತ್ತಿಮರದ ವಿಷ್ಯ ಹೇಳಿದ್ದು ನೀನು. ನೀನೇ ಹೇಳಿದ್ದಲ್ವಾ, ಬುಟ್ಟಿ ಮೇಲೆ ಕೈಯಿಟ್ಟು, ಅತ್ತಿಮರದ ಪಕ್ಕದ ಗಿಡ, ಬಿಸಿಲು ಬಿದ್ದಿತ್ತು, ಬಳೆ ಜಾರ್ತು ಅಂತ. ಅದಕ್ಕೇ ನಾನು ಅತ್ತಿದ್ದು. ನಾನು ನಿನ್ನ ಪರವಾಗೇ ನಿಂತಿದ್ದೆ, ಮಂಜುನಾಥನ ಆಣೆ."

ಆಣೆ ಹಾಕಿದಳು. ಇವಳು ಬಾಯಿಗೆ ಬಂದಂತೆ ಆಣೆ ಹಾಕುವವಳಲ್ಲ, ಹೆದರುತ್ತಾಳೆ. ಭಾಗಮ್ಮ ಅವಳ ಕಣ್ಣನ್ನೇ ನೋಡಿದಳು. ಎಲ್ಲಾದರೂ ಒಂದು ಕಡೆ ಸುಳ್ಳು ಅಲ್ಲಾಡುತ್ತದೆಯೇ ಎಂದು ಹುಡುಕಿದಳು. ಇರಲಿಲ್ಲ. ಅಂಜನಮ್ಮನಿಗೆ ನಿಜಕ್ಕೂ ನೆನಪಿರಲಿಲ್ಲ. ಯಾರಿಗೂ ಇರಲಿಲ್ಲ. ಅವರವರ ಮನಸ್ಸಿನಲ್ಲಿ ಅವರವರು ಅವತ್ತು ಸುಮ್ಮನೆ, ಮರುಕದಿಂದ, ಭಾಗಮ್ಮನ ಪಕ್ಕದಲ್ಲಿ ನಿಂತಿದ್ದರು. ಹಾಗಾದರೆ ಅವಳ ಮೇಲೆ ತಪ್ಪು ಹೊರಿಸಿದವರು ಯಾರು? ಯಾರೂ ಇಲ್ಲ. ಹೊರಿಸಿದವರೇ ಇಲ್ಲದ ಮೇಲೆ ಯಾರ ಮೇಲೆ ಸಿಟ್ಟು ಮಾಡುವುದು, ಯಾರನ್ನು ಕ್ಷಮಿಸುವುದು? ಅವಮಾನವೂ ಅವಳೇ ತಂದುಕೊಂಡದ್ದಾಯಿತು. ಅವರೆಲ್ಲ ಕೈ ತೊಳೆದುಕೊಂಡು ಎದ್ದರು, ಎಂಜಲೆಲೆ ಮಾತ್ರ ಅವಳ ಮುಂದೆ ಉಳಿಯಿತು. ಎಲ್ಲಕ್ಕಿಂತ ಅನ್ಯಾಯ ಇನ್ನೊಂದಿತ್ತು. ಅವರು ಅವಳ ತಲೆಗೆ ಹಾಕಿದ್ದು ಅವರ ತಲೆಯಿಂದ ಅಳಿಸಿಹೋಗಿತ್ತು, ಅವಳ ತಲೆಯಿಂದ ಹೋಗಿರಲಿಲ್ಲ. ಈಗಲೂ, ಹೊಸ ಗ್ಯಾಂಗಿನವರು ಕಿತ್ತದ್ದೆಂದು ಗೊತ್ತಾದ ಮೇಲೂ, ಕಣ್ಣು ಮುಚ್ಚಿದರೆ ಅದೇ ಗಿಡ, ಅದೇ ಬಿಸಿಲು, ಅದೇ ಬಳೆ. ನಡೆಯದೇ ಇದ್ದದ್ದು ಇಷ್ಟು ಚೆನ್ನಾಗಿ ನೆನಪಿರುತ್ತದೆಯೇ? ಬೇರೆಯವರ ಬುಟ್ಟಿಯಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ತಾನು ಕಿತ್ತಿಲ್ಲ ಅಂತ ಆಗುತ್ತದೆಯೇ? ಅವರೂ ಕಿತ್ತಿರಬಹುದು, ತಾನೂ ಕಿತ್ತಿರಬಹುದು. ತಾನು ತಪ್ಪಿತಸ್ಥೆಯಲ್ಲ ಎಂದು ಇಡೀ ತೋಟಕ್ಕೆ ಗೊತ್ತು, ಅವಳಿಗೊಬ್ಬಳಿಗೆ ಗೊತ್ತಿಲ್ಲ.

"ಶುರು ಮಾಡು ಭಾಗಮ್ಮ, ಬಿಸಿಲು ಏರ್ತು" ಎಂದ ಗಿಡ್ಡಪ್ಪ.

ಅವಳು ಮೊದಲ ಗಿಡದ ಮುಂದೆ ನಿಂತಳು. ಹಿಂದೆ ಸಾಲು ನಿಂತಿತು. ಕೈ ಚಾಚಿದಳು, ಚಾಚಿದ ಕೈಯನ್ನು ಕಣ್ಣು ಹಿಂಬಾಲಿಸಿತು. ಹಿಂದೆ ಯಾವತ್ತೂ ಹಾಗಾಗಿರಲಿಲ್ಲ. ಕಳ್ಳನ ಹಿಂದೆ ಕಾವಲುಗಾರ ಹೋದಂತೆ ಬೆರಳಿನ ಹಿಂದೆ ಕಣ್ಣು. ಒಂದು ಹಣ್ಣು ಮುಟ್ಟಿದಳು, ಇದು ಕೆಂಪೇ? ಕೆಂಪು. ಕಿತ್ತಳು. ಇನ್ನೊಂದು, ಇದು? ಬೀಗಿತ್ತಿ ನೆನಪಾಗಲಿಲ್ಲ. ಆಲ್ದೂರು ನೆನಪಾಗಲಿಲ್ಲ. ಗಿಡ ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ಇನ್ನು ಮೇಲೆ ಸಾಯುವವರೆಗೂ ಹೀಗೆ, ಒಂದೊಂದು ಹಣ್ಣಿಗೂ ನೀನು ಕೆಂಪೋ ಹಸಿರೋ ಎಂದು ಕೇಳಿಕೊಂಡು, ತನ್ನ ಕೈಯನ್ನು ತಾನೇ ಕಾದುಕೊಂಡು ದುಡಿಯಬೇಕು. ಅವಳಿಗಿದ್ದ ಒಂದೇ ಒಂದು ಸುಖ, ಅದನ್ನೂ ತೆಗೆದುಕೊಂಡರು. ತೆಗೆದುಕೊಂಡೆವು ಅನ್ನುವುದೂ ಅವರಿಗೆ ಗೊತ್ತಿಲ್ಲ! ಹಿಂದಿನಿಂದ ಯಾರೋ ಆಕಳಿಸಿದರು. ಭಾಗಮ್ಮ ತಟ್ಟನೆ ಕೈ ಹಿಂದಕ್ಕೆಳೆದುಕೊಂಡು ತಿರುಗಿದಳು.

"ನಾನೇ ಕಿತ್ತೆ" ಅಂದಳು.

"ಏನಂದೆ?"

"ಹಸಿರುಕಾಯಿ ನಾನೇ ಕಿತ್ತೆ ಅಂದೆ. ನನಗೆ ನೆನಪಿದೆ. ನಿಮಗ್ಯಾರಿಗೂ ಏನೂ ನೆನಪಿಲ್ಲ. ಇಷ್ಟು ಜನದಲ್ಲಿ ನೆನಪು ಇರೋಳು ನಾನೊಬ್ಬಳೇ."

"ಅಕ್ಕಾ, ಹುಚ್ಚು ಹಿಡೀತಾ ನಿಂಗೆ? ನೀನಲ್ಲ ಅಂತ ಎಲ್ರಿಗೂ ಗೊತ್ತು!"

"ಮೊನ್ನೆ ನಾನೇ ಅಂತ ಎಲ್ರಿಗೂ ಗೊತ್ತಿತ್ತು. ಇವತ್ತು ಅಲ್ಲ ಅಂತ ಎಲ್ರಿಗೂ ಗೊತ್ತು. ನಾಳೆ ಏನು ಗೊತ್ತಾಗುತ್ತೋ. ಬನ್ನಿ ಇಲ್ಲಿ, ಎಲ್ರೂ ಬನ್ನಿ. ಸ್ವಾಮಿ, ನೀವೂ ಬನ್ನಿ. ಕಣ್ಬಿಟ್ಟು ನೋಡಿ. ಯಾರ ಕೈ, ಯಾವ ಗಿಡ, ಯಾವ ರೆಂಬೆ, ಸರಿಯಾಗಿ ನೋಡಿ ನೆನಪಿಟ್ಕೊಳ್ಳಿ. ಆಮೇಲೆ ಕೇಳ್ತೀನಿ."

ಗಿಡದ ನಡುವೆ ದಟ್ಟವಾಗಿ ಕಾಯಿ ಹಿಡಿದ ಒಂದು ರೆಂಬೆ ಇತ್ತು. ಹಣ್ಣಾಗಿದ್ದು ನಾಲ್ಕಾರು, ಮಿಕ್ಕದ್ದೆಲ್ಲ ಗಟ್ಟಿ ಹಸಿರು. ಭಾಗಮ್ಮ ಅದರ ಬುಡವನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣಿಗೆ ಕಂಡಿದ್ದ ಹಾಗೆಯೇ, ತುದಿಯ ಕಡೆಗೆ ಸರ್ರನೆ ಎಳೆದಳು.

ಬರಲಿಲ್ಲ. ಕೈ ಒಂದು ಗೇಣೂ ಹೋಗದೆ ಸಿಕ್ಕಿಕೊಂಡಿತು, ರೆಂಬೆಯೇ ಬಾಗಿ ಕೈ ಜೊತೆ ಬಂತು. ಎಲೆ ಹರಿದವು. ಅವಳು ಕಾಲು ಊರಿ ಇನ್ನೊಮ್ಮೆ ಎಳೆದಳು. ತೊಟ್ಟಿನ ಸಮೇತ ಕೆಲವು ಕಿತ್ತು ಬಂದವು, ಕೆಲವು ಅಲ್ಲೇ ಉಳಿದು ಅಂಗೈಯನ್ನು ಗೀರಿದವು. ಹೆಬ್ಬೆರಳಿನ ಉಗುರು ಮಡಚಿಕೊಂಡು ಕಣ್ಣಲ್ಲಿ ನೀರು ಬಂತು. ಸುಗ್ಗಿಯ ಕೊನೆಗೆ ಗಿಡ ಸವರಿದ್ದು ಅವಳಿಗೆ ಗೊತ್ತು. ಆಗ ಎಲ್ಲ ಬಾಡಿರುತ್ತದೆ, ಮುಟ್ಟಿದರೆ ಉದುರುತ್ತದೆ. ಇದು ಹಾಗಲ್ಲ. ಇದನ್ನು ಹೇಗೆ ಹಿಡಿಯಬೇಕು, ಯಾವ ಬೆರಳಿಗೆ ಎಷ್ಟು ಬಲ ಹಾಕಬೇಕು, ಮಣಿಕಟ್ಟನ್ನು ಯಾವ ಕಡೆ ತಿರುಗಿಸಬೇಕು, ಕೈಗೆ ಒಂದೂ ತಿಳಿಯಲಿಲ್ಲ. ನಿನ್ನೆ ಮೊನ್ನೆ ಬಂದವರ ಕೈಯಂತೆ ತಡವರಿಸಿತು. ಅವಳು ಬಿಡದೆ ಮೂರನೆಯ ಸಲವೂ ಎಳೆದಳು. ಆಗ ರೆಂಬೆಯೇ ಲಟ್ಟೆಂದು ಮುರಿಯಿತು. ಹಸಿರು ಕಾಯಿ ಚೆಲ್ಲಾಪಿಲ್ಲಿಯಾಗಿ ಅರ್ಧ ಬುಟ್ಟಿಗೆ, ಅರ್ಧ ನೆಲಕ್ಕೆ ಬಿದ್ದವು.

ಭಾಗಮ್ಮ ಅಂಗೈ ಬಿಡಿಸಿ ನೋಡಿಕೊಂಡಳು. ಅಂಟು ಅಂಟು, ಗೀರಿದ ಕಡೆ ರಕ್ತ ಜಿನುಗುತ್ತಿತ್ತು. ಅತ್ತಿಮರದ ಪಕ್ಕದ ಗಿಡದಲ್ಲಿ ನೋವು ಇರಲಿಲ್ಲ. ಅಂಟು ಇರಲಿಲ್ಲ, ಸದ್ದು ಇರಲಿಲ್ಲ, ಕೈ ಸಿಕ್ಕಿಕೊಳ್ಳಲೂ ಇಲ್ಲ. ಬಿಸಿಲು ಇತ್ತು, ಬಳೆ ಇತ್ತು, ಕೈ ಸಲೀಸಾಗಿ ಹೋಗಿತ್ತು. ಹಣ್ಣು ಕುಯ್ಯದ ಯಾರೋ ಕಂಡ ಕನಸು ಅದು. ಈ ಕೈ ಅದನ್ನು ಮಾಡಿರಲಿಲ್ಲ. ಈ ಕೈಗೆ ಇದು ಜನ್ಮದಲ್ಲೇ ಹೊಸದು. ಅವಳಿಗೆ ಅಳು ಬಂತು, ಜೊತೆಗೇ ನಗುವೂ ಬಂತು. ಎರಡನ್ನೂ ತಡೆದುಕೊಂಡಳು, ಯಾಕೆಂದರೆ ಆಗಲೇ ಗಿಡ್ಡಪ್ಪ ಅರಚಲು ಶುರುಮಾಡಿದ್ದ.

"ನೋಡಿದ್ರಾ, ನೋಡಿದ್ರಾ! ಒಳ್ಳೇ ರೆಂಬೆ ಮುರಿದು ಹಾಕಿದ್ಳು! ನಾನು ಆವತ್ತೇ ಬಡ್ಕೊಂಡೆ ರೈಟರೇ, ಇದು ಇವಳದ್ದೇ ಕೈ ಅಂತ!"

ಸಾಲಿನಲ್ಲಿ ಗುಸುಗುಸು ಹುಟ್ಟಿತು. ಹೌದು, ಆವತ್ತೇ, ಎಂದು ಒಂದು ದನಿ. ನನಗೂ ಅನ್ನಿಸಿತ್ತು ಎಂದು ಇನ್ನೊಂದು. ಷಡಕ್ಷರಪ್ಪನವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಅಂಜನಮ್ಮ ಮಾತ್ರ ಅವರ ಕಡೆ ತಿರುಗಲಿಲ್ಲ. ಅವಳು ಓರಗಿತ್ತಿಯ ಅಂಗೈಯನ್ನೇ ನೋಡುತ್ತಿದ್ದಳು.

ಭಾಗಮ್ಮ ಆ ಅಂಗೈಯನ್ನು ಮುಂದೆ ಚಾಚಿ, ಗಿಡ್ಡಪ್ಪನ ಮೂಗಿನ ಹತ್ತಿರಕ್ಕೆ, ಆಮೇಲೆ ರೈಟರ ಕಡೆಗೆ, ಆಮೇಲೆ ಒಬ್ಬೊಬ್ಬಳ ಮುಖದ ಮುಂದಕ್ಕೂ ಹಿಡಿದುಕೊಂಡು ಹೋದಳು. ದಾಟಿ ಹೋಗಲು ಯಾರನ್ನೂ ಬಿಡಲಿಲ್ಲ.

"ಇದನ್ನ ನಾನು ಕಿತ್ತೆ. ಮೊನ್ನೇದನ್ನ ನಾನು ಕಿತ್ತಿಲ್ಲ. ಎರಡನ್ನೂ ನೆನಪಿಟ್ಕೊಳ್ಳಿ" ಅಂದಳು.